ಹಳೆಯ ಪಿಕಪ್‌ನ ಹೀಟರ್ ಕೈಕೊಟ್ಟಿತೇ? ಡ್ಯಾಶ್‌ಬೋರ್ಡ್ ಬಿಚ್ಚುವ ಮೊದಲು ಆ ತಂತಿಯನ್ನು ನೋಡಿ

ಅಮೆರಿಕದ ಮಿನ್ನೆಸೋಟ, ಉತ್ತರ ಡಕೋಟದಂಥ ರಾಜ್ಯಗಳಲ್ಲಿ ಜನವರಿಯ ಬೆಳಗು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವುದು ಹೊಸದೇನಲ್ಲ. ಅಂಥ ಬೆಳಗಿನಲ್ಲಿ ಅರ್ಧ ಶತಮಾನ ದಾಟಿದ ಪಿಕಪ್ ಟ್ರಕ್ಕೊಂದು ಸ್ಟಾರ್ಟ್ ಆಗುತ್ತದೆ, ಎಂಜಿನ್ ಬಿಸಿಯಾಗುತ್ತದೆ, ಮೀಟರಿನ ಮುಳ್ಳೂ ಸರಿಯಾದ ಜಾಗಕ್ಕೆ ಬಂದು ನಿಲ್ಲುತ್ತದೆ. ಚಾಲಕ ಹೀಟರ್ ಲಿವರನ್ನು ಬಿಸಿಯ ಕೊನೆಯವರೆಗೂ ತಳ್ಳುತ್ತಾನೆ. ಬರುವುದು ಮಾತ್ರ ತಣ್ಣನೆಯ ಗಾಳಿ. ಸ್ವಲ್ಪ ಹೊತ್ತಿನಲ್ಲೇ ಅವನ ಉಸಿರಿನ ಆವಿ ಮುಂದಿನ ಗಾಜಿನ ಒಳಮೈಗೆ ಅಂಟಿ ಹೆಪ್ಪುಗಟ್ಟುತ್ತದೆ. ರಸ್ತೆ ಕಾಣುವುದಿಲ್ಲ.

ಇಂಥ ಸಮಯದಲ್ಲಿ ಹೆಚ್ಚಿನ ಮಾಲೀಕರು ಮೊದಲು ಅನುಮಾನಿಸುವುದು ದೊಡ್ಡ ಭಾಗಗಳನ್ನು. ಹೀಟರ್ ಕೋರ್ ಹೋಗಿರಬೇಕು, ವಾಟರ್ ಪಂಪ್ ಹೋಗಿರಬೇಕು, ಇಡೀ ಹೀಟರ್ ಪೆಟ್ಟಿಗೆಯನ್ನೇ ಬದಲಿಸಬೇಕು ಎಂದುಕೊಂಡು ಆನ್‌ಲೈನ್‌ನಲ್ಲಿ ಭಾಗಗಳನ್ನು ಆರ್ಡರ್ ಮಾಡುತ್ತಾರೆ. ಎಲ್ಲ ಬಿಚ್ಚಿದ ಮೇಲೆ ಸಿಗುವುದು ಪಿನ್ನಿನಿಂದ ಕಳಚಿಕೊಂಡ ಒಂದು ತಂತಿ, ಇಲ್ಲವೇ ಸಡಿಲಗೊಂಡ ಒಂದು ಕ್ಲಿಪ್. ಬೆಟ್ಟ ಅಗೆದು ಇಲಿ ಹಿಡಿದ ಕಥೆ ಇದು. ಹಳೆಯ ಹೀಟರ್ ಪೆಟ್ಟಿಗೆಯೊಳಗೆ ನಿಜವಾದ ಇಲಿಯ ಗೂಡೇ ಸಿಗುವುದೂ ಉಂಟು, ಆ ವಿಷಯ ಮುಂದೆ ಬರುತ್ತದೆ.

ಯಾವುದು ಈ ಟ್ರಕ್?

ಉದಾಹರಣೆಗೆ ಷೆವರ್ಲೆ ಸಿ-10 ಪಿಕಪ್ ತೆಗೆದುಕೊಳ್ಳೋಣ. 1967ರಿಂದ 1972ರವರೆಗೆ ಬಂದ ಈ ತಲೆಮಾರಿನ ಟ್ರಕ್‌ಗಳು ಇಂದು ಅಮೆರಿಕದಲ್ಲಿ ಹಳೆಯ ವಾಹನಪ್ರಿಯರ ಅಚ್ಚುಮೆಚ್ಚು. ಜಿಎಂಸಿ ಹೆಸರಿನಲ್ಲಿ ಬಂದ ಅವಳಿ ಟ್ರಕ್‌ಗಳೂ ಇದೇ ಜಾತಿಯವು. ರೈತರು, ಬಡಗಿಗಳು, ಪ್ಲಂಬರ್‌ಗಳು ದುಡಿಸಿಕೊಂಡ ವಾಹನ ಈಗ ಭಾನುವಾರದ ಪ್ರದರ್ಶನಗಳಲ್ಲಿ ಮಿರಿಮಿರಿ ಮಿಂಚುತ್ತದೆ. ಹಾಗೆಂದು ಎಲ್ಲವೂ ಷೋಕಿಗಷ್ಟೇ ಸೀಮಿತವಾಗಿಲ್ಲ, ದಿನವೂ ಕೆಲಸಕ್ಕೆ ಹೋಗುವ ಟ್ರಕ್‌ಗಳೂ ಇವೆ. ಹೀಟರ್ ಪ್ರಶ್ನೆ ಗಂಭೀರವಾಗುವುದು ಅಂಥವಕ್ಕೇ.

ಒಂದು ಕಾಲಕ್ಕೆ ಟ್ರಕ್‌ನಲ್ಲಿ ಹೀಟರ್ ಎಂಬುದು ಹೆಚ್ಚುವರಿ ಹಣ ಕೊಟ್ಟು ಹಾಕಿಸಿಕೊಳ್ಳುವ ಸೌಲಭ್ಯವಾಗಿತ್ತು. ಆಗಿನ ಹೀಟರ್‌ಗಳಲ್ಲಿ ಅನೇಕವು ಕಾಲಿನ ಬಳಿ ತೂಗುಹಾಕಿದ ಪೆಟ್ಟಿಗೆಗಳು. ಕ್ಯಾಬಿನ್ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಎಳೆದು ಬಿಸಿ ಮಾಡಿ ಬಿಡುತ್ತಿದ್ದವು. 1930ರ ದಶಕದ ಕೊನೆಯ ಹೊತ್ತಿಗೆ ನ್ಯಾಷ್ ಕಂಪನಿ ತನ್ನ ಕಾರುಗಳಲ್ಲಿ 'ವೆದರ್ ಐ' ಎಂಬ ಹೆಸರಿನಲ್ಲಿ ಹೊರಗಿನ ತಾಜಾ ಗಾಳಿಯನ್ನು ಬಿಸಿ ಮಾಡಿ ಒಳಗೆ ಬಿಡುವ ವ್ಯವಸ್ಥೆ ತಂದಿತು. 1947ರಲ್ಲಿ ಬಂದ ಷೆವರ್ಲೆಯ ಹೊಸ ಟ್ರಕ್‌ಗಳಿಗೂ ತಾಜಾ ಗಾಳಿಯ ಹೀಟರ್ ಸಿಗತೊಡಗಿತು. 'ಉಸಿರಾಡುವ ಕ್ಯಾಬ್' ಎಂದೇ ಕಂಪನಿ ಜಾಹೀರಾತು ಕೊಟ್ಟಿತ್ತು.

ಗಾಜು ತಿಳಿಯಾಗುವುದು ಬಿಸಿಯಿಂದಷ್ಟೇ ಅಲ್ಲ

ಒಳಗಿನ ಗಾಳಿ, ಹೊರಗಿನ ಗಾಳಿ ಎಂಬ ಈ ವ್ಯತ್ಯಾಸ ಸಣ್ಣದಲ್ಲ. ಗಾಜಿನ ಮೇಲೆ ಆವಿ ಕಟ್ಟುವುದು ಒಳಗಿನ ತೇವದಿಂದ. ಉಸಿರು, ಒದ್ದೆ ಬೂಟು, ಮ್ಯಾಟ್ ಮೇಲೆ ಕರಗಿದ ಹಿಮ, ಎಲ್ಲವೂ ಗಾಳಿಗೆ ತೇವ ಸೇರಿಸುತ್ತವೆ. ಹೊರಗಿನ ಚಳಿಗಾಳಿಯಲ್ಲಿ ನೀರಿನ ಅಂಶ ತೀರಾ ಕಡಿಮೆ. ಅದನ್ನು ಬಿಸಿ ಮಾಡಿದರೆ ಒಣ ಬಟ್ಟೆ ನೀರು ಹೀರುವಂತೆ ಗಾಜಿನ ಮೇಲಿನ ತೇವವನ್ನು ಹೀರಿಕೊಳ್ಳುತ್ತದೆ. ಒಳಗಿನ ಗಾಳಿಯನ್ನೇ ತಿರುಗಿಸುತ್ತಾ ಇದ್ದರೆ ಎಷ್ಟು ಬಿಸಿ ಮಾಡಿದರೂ ತೇವ ಅಲ್ಲೇ ಸುತ್ತುತ್ತದೆ.

ದೆಹಲಿಯ ಡಿಸೆಂಬರ್ ಮಂಜಿನಲ್ಲಿ ಕಾರು ಓಡಿಸಿದ ಕನ್ನಡಿಗರಿಗೆ ಇದರ ಅನುಭವ ಇದ್ದೇ ಇರುತ್ತದೆ. ಒಳಗಿನ ಗಾಳಿ ತಿರುಗಿಸುವ ಬಟನ್ ಒತ್ತಿ ನಾಲ್ಕು ಜನ ಕೂತರೆ ಕೆಲವೇ ನಿಮಿಷಗಳಲ್ಲಿ ಗಾಜು ಹಾಲಿನಂತಾಗುತ್ತದೆ. ಬಟನ್ ಬಿಟ್ಟು ಹೊರಗಿನ ಗಾಳಿಗೆ ದಾರಿ ಕೊಟ್ಟರೆ ಗಾಜು ನಿಧಾನವಾಗಿ ತಿಳಿಯಾಗುತ್ತದೆ. ಈಗಿನ ಕಾರಿನಲ್ಲಿ ಒಂದು ಬಟನ್ ಮಾಡುವ ಈ ಕೆಲಸವನ್ನು ಹಳೆಯ ಪಿಕಪ್‌ನಲ್ಲಿ ಒಂದು ಲಿವರ್, ಒಂದು ತಂತಿ ಮತ್ತು ಒಂದು ಪುಟ್ಟ ಬಾಗಿಲು ಮಾಡುತ್ತವೆ.

ಅಮೆರಿಕದ ಫೆಡರಲ್ ವಾಹನ ಸುರಕ್ಷತಾ ನಿಯಮಗಳು 1960ರ ದಶಕದ ಕೊನೆಯಲ್ಲಿ ಜಾರಿಗೆ ಬಂದಾಗ ಅವುಗಳಲ್ಲಿ 103ನೇ ಮಾನದಂಡ ಮುಂದಿನ ಗಾಜಿನ ಹಿಮ ಮತ್ತು ಆವಿ ತೆಗೆಯುವ ವ್ಯವಸ್ಥೆಗೇ ಮೀಸಲಾಗಿತ್ತು. ಬ್ರೇಕು, ಲೈಟು, ವೈಪರ್‌ಗಳ ಸಾಲಿನಲ್ಲೇ ಅದಕ್ಕೂ ಜಾಗ ಸಿಕ್ಕಿತು. ಹೀಟರ್ ಲಿವರ್ ರಿಪೇರಿಯನ್ನು 'ಬೇಸಿಗೆ ಬರಲಿ ನೋಡೋಣ' ಎಂದು ಮುಂದೂಡುವವರು ಇದನ್ನು ನೆನಪಿಡುವುದು ಒಳ್ಳೆಯದು.

ಬಿಸಿ ಎಲ್ಲಿಂದ ಬರುತ್ತದೆ?

ಪೆಟ್ರೋಲ್ ಎಂಜಿನ್‌ನಲ್ಲಿ ಉರಿದ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕೂಲಂಟ್ ನೀರಿಗೆ ಶಾಖವಾಗಿ ಹೋಗುತ್ತದೆ. ರೇಡಿಯೇಟರ್ ಅದನ್ನು ಹೊರಗೆ ಚೆಲ್ಲುತ್ತದೆ. ಹೀಟರ್ ಆ ಬಿಸಿ ನೀರಿನಲ್ಲಿ ಸ್ವಲ್ಪವನ್ನು ಎರಡು ರಬ್ಬರ್ ಹೋಸ್‌ಗಳ ಮೂಲಕ ಡ್ಯಾಶ್‌ಬೋರ್ಡ್ ಕಡೆಗೆ ತಿರುಗಿಸಿಕೊಳ್ಳುತ್ತದೆ. ಅಲ್ಲೊಂದು ಪುಟ್ಟ ರೇಡಿಯೇಟರ್ ಇದೆ, ಅದೇ ಹೀಟರ್ ಕೋರ್. ಅದರ ಮೂಲಕ ಬ್ಲೋವರ್ ಫ್ಯಾನ್ ಗಾಳಿ ಊದುತ್ತದೆ.

ಇನ್ನುಳಿದದ್ದು ಬಾಗಿಲುಗಳ ಆಟ. ಗಾಳಿ ಹೊರಗಿನಿಂದ ಬರಬೇಕೇ ಬೇಡವೇ, ಬಿಸಿ ಕೋರ್ ಮೂಲಕ ಹೋಗಬೇಕೇ ಪಕ್ಕದಿಂದ ಜಾರಬೇಕೇ, ಕೊನೆಗೆ ಕಾಲಿನ ಕಡೆಗೋ ಗಾಜಿನ ಕಡೆಗೋ ಎಂಬುದನ್ನು ಪೆಟ್ಟಿಗೆಯೊಳಗಿನ ಚಿಕ್ಕ ಬಾಗಿಲುಗಳು ತೀರ್ಮಾನಿಸುತ್ತವೆ. ಡ್ಯಾಶ್‌ಬೋರ್ಡ್ ಮೇಲಿನ ಲಿವರ್‌ಗಳು ತಂತಿಗಳ ಮೂಲಕ ಈ ಬಾಗಿಲುಗಳನ್ನು ಆಡಿಸುತ್ತವೆ. ಕೆಲವು ಹಳೆಯ ವಾಹನಗಳಲ್ಲಿ ಬಿಸಿ-ತಂಪು ಬದಲಾಯಿಸಲು ಬಾಗಿಲಿನ ಬದಲು ಹೋಸ್ ಮಧ್ಯೆ ಒಂದು ವಾಲ್ವ್ ಇರುತ್ತದೆ. ಲಿವರ್ ಎಳೆದಾಗ ತಂತಿ ಆ ವಾಲ್ವನ್ನು ತೆರೆಯುತ್ತದೆ, ಮುಚ್ಚುತ್ತದೆ. ತಮ್ಮ ಟ್ರಕ್‌ನಲ್ಲಿ ಯಾವ ಬಗೆ ಇದೆ ಎಂದು ತಿಳಿಯದೆ ಕೈಹಾಕಿದವರು ಇಲ್ಲದ ವಾಲ್ವನ್ನು ಅರ್ಧ ದಿನ ಹುಡುಕಬೇಕಾಗುತ್ತದೆ. ಆಯಾ ವರ್ಷದ ಫ್ಯಾಕ್ಟರಿ ಕೈಪಿಡಿಯ ಮರುಮುದ್ರಣ ಈಗಲೂ ಸಿಗುತ್ತದೆ, ಮೊದಲ ಖರ್ಚು ಅದಕ್ಕೇ ಆಗಲಿ.

ಮೊದಲು ಕೈ, ಕಿವಿ, ಆಮೇಲೆ ಸ್ಪ್ಯಾನರ್

ಏನನ್ನೂ ಬಿಚ್ಚದೆ ಹತ್ತು ನಿಮಿಷದಲ್ಲಿ ಅರ್ಧ ರೋಗ ಪತ್ತೆಯಾಗುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ, ಲಿವರನ್ನು ಬಿಸಿಗೆ ತಳ್ಳಿ, ಎಂಜಿನ್ ನಿಲ್ಲಿಸಿ ಬಾನೆಟ್ ಎತ್ತಬೇಕು. ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡು ಗೋಡೆಗೆ ಹೋಗುವ ಎರಡು ಹೋಸ್‌ಗಳನ್ನು ದಪ್ಪ ಕೈಗವಸು ಹಾಕಿಕೊಂಡು ಎಚ್ಚರದಿಂದ ಮುಟ್ಟಿ ನೋಡಬೇಕು.

ಎರಡೂ ಬಿಸಿಯಾಗಿದ್ದರೆ ನೀರು ಸರಿಯಾಗಿ ಹರಿಯುತ್ತಿದೆ ಎಂದರ್ಥ. ಆಗ ತಪ್ಪು ಗಾಳಿಯ ಕಡೆ, ಅಂದರೆ ಲಿವರ್, ತಂತಿ, ಬಾಗಿಲಿನಲ್ಲಿದೆ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಕೋರ್ ಕಟ್ಟಿಕೊಂಡಿದೆ, ಇಲ್ಲವೇ ವಾಲ್ವ್ ಮುಚ್ಚಿದೆ. ಎರಡೂ ಉಗುರುಬೆಚ್ಚಗಿದ್ದರೆ ಹೀಟರ್‌ನದು ತಪ್ಪೇ ಅಲ್ಲ. ಥರ್ಮೋಸ್ಟಾಟ್ ತೆರೆದುಕೊಂಡೇ ಸಿಕ್ಕಿಕೊಂಡಿರಬಹುದು, ಕೂಲಂಟ್ ಕಡಿಮೆಯಿರಬಹುದು ಅಥವಾ ವ್ಯವಸ್ಥೆಯೊಳಗೆ ಗಾಳಿ ತುಂಬಿರಬಹುದು. ಕೂಲಂಟ್ ಮಟ್ಟ ನೋಡುವ ಆತುರದಲ್ಲಿ ಬಿಸಿ ರೇಡಿಯೇಟರ್‌ನ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡವರು ಎಲ್ಲ ದೇಶಗಳಲ್ಲೂ ಇದ್ದಾರೆ. ಪೂರ್ತಿ ಆರಿದ ಮೇಲೇ ಅದಕ್ಕೆ ಕೈಹಾಕಬೇಕು.

ಎರಡನೆಯದು ಕಿವಿಯ ಪರೀಕ್ಷೆ. ಫ್ಯಾನ್ ಬಂದ್ ಮಾಡಿ, ನಿಶ್ಶಬ್ದದಲ್ಲಿ ಲಿವರನ್ನು ಬೇಗನೆ ಆ ಕೊನೆಯಿಂದ ಈ ಕೊನೆಗೆ ಸರಿಸಬೇಕು. ಡ್ಯಾಶ್‌ಬೋರ್ಡ್ ಒಳಗೆ 'ಟಪ್' ಎಂದು ಬಾಗಿಲು ಮುಚ್ಚಿದ ಸದ್ದು ಬಂದರೆ ತಂತಿ ಜೀವಂತವಾಗಿದೆ. ಲಿವರ್ ಬೆಣ್ಣೆಯಂತೆ ಸರಿದು ಸದ್ದೇ ಬಾರದಿದ್ದರೆ ತಂತಿ ಎಲ್ಲೋ ಕಳಚಿದೆ. ಲಿವರ್ ಅರ್ಧದಲ್ಲಿ ಬಿಗಿಯಾಗಿ ನಿಂತರೆ ತಂತಿ ತುಕ್ಕು ಹಿಡಿದಿದೆ ಅಥವಾ ಬಾಗಿಲಿಗೆ ಏನೋ ಅಡ್ಡ ಬಂದಿದೆ. ಇಲ್ಲಿ ಬಲ ಪ್ರಯೋಗಿಸುವುದೇ ದೊಡ್ಡ ತಪ್ಪು. ಐವತ್ತು ಚಳಿಗಾಲ ಕಂಡ ಲಿವರ್ ಮತ್ತು ಅದರ ಪ್ಲಾಸ್ಟಿಕ್ ಗುಬುಟು ಚಳಿಯಲ್ಲಿ ಹಪ್ಪಳದಂತೆ ಮುರಿಯುತ್ತವೆ. ಈ ಕೆಲಸಕ್ಕೆ ಟ್ರಕ್ಕನ್ನು ಬೆಚ್ಚಗಿನ ಗ್ಯಾರೇಜ್ ಒಳಗೆ ತಂದು ಕೆಲವು ಗಂಟೆ ಬಿಡುವುದು ಒಳ್ಳೆಯದು.

ತಂತಿಯ ಗುಟ್ಟು

ಈ ಹೀಟರ್ ತಂತಿ ಬೌಡನ್ ಕೇಬಲ್ ಎಂಬ ಹಳೆಯ ಕುಟುಂಬಕ್ಕೆ ಸೇರಿದ್ದು. ಐರ್ಲೆಂಡ್ ಮೂಲದ ಅರ್ನೆಸ್ಟ್ ಬೌಡನ್ 1896ರಲ್ಲಿ ಪೇಟೆಂಟ್ ಪಡೆದ ಈ ಉಪಾಯ ನಮ್ಮೂರಿನ ಸೈಕಲ್ ಬ್ರೇಕಿನಲ್ಲೂ ಇದೆ. ಹೊರಗೊಂದು ಸುರುಳಿ ಕವಚ, ಒಳಗೊಂದು ತಂತಿ. ಕವಚ ಅಲುಗದಂತೆ ಎರಡೂ ಕಡೆ ಬಿಗಿದಿದ್ದರೆ ಒಳಗಿನ ತಂತಿಯ ಚಲನೆ ಮೂಲೆ ಮುರುಕುಗಳನ್ನು ದಾಟಿ ಆ ಕಡೆಗೆ ತಲುಪುತ್ತದೆ.

ಆದರೆ ಸೈಕಲ್ಲಿಗೂ ಟ್ರಕ್ಕಿಗೂ ಒಂದು ಮುಖ್ಯ ವ್ಯತ್ಯಾಸ ಇದೆ. ಸೈಕಲ್ಲಿನ ಒಳತಂತಿ ಹಲವು ಎಳೆಗಳನ್ನು ಹೊಸೆದದ್ದು, ಅದು ಎಳೆಯಲು ಮಾತ್ರ. ಬ್ರೇಕ್ ಬಿಟ್ಟಾಗ ಸ್ಪ್ರಿಂಗ್ ಅದನ್ನು ವಾಪಸ್ ಒಯ್ಯುತ್ತದೆ. ಹೀಟರ್‌ನ ಒಳತಂತಿ ಒಂದೇ ಗಟ್ಟಿ ಉಕ್ಕಿನ ಎಳೆ. ಅದು ಎಳೆಯಲೂ ಬೇಕು, ತಳ್ಳಲೂ ಬೇಕು. ತಳ್ಳುವ ಕೆಲಸದಲ್ಲೇ ಅದರ ದೌರ್ಬಲ್ಯ ಇರುವುದು. ಬಾಗಿಲು ಜಾಮ್ ಆಗಿರುವಾಗ ಬಲವಾಗಿ ತಳ್ಳಿದರೆ ಕವಚದಿಂದ ಹೊರಗಿರುವ ಭಾಗದಲ್ಲಿ ತಂತಿ ಬಿಲ್ಲಿನಂತೆ ಬಾಗುತ್ತದೆ. ಒಮ್ಮೆ ಮಡಿಕೆ ಬಿದ್ದ ತಂತಿ ಎಷ್ಟು ನೇರ ಮಾಡಿದರೂ ಮತ್ತೆ ಅಲ್ಲೇ ಬಾಗುತ್ತದೆ. ಅದನ್ನು ಬದಲಿಸುವುದೇ ಸರಿ.

ಬದಲಿಸಬೇಕಾದ ಪ್ರಸಂಗ ಮಾತ್ರ ಅಂದುಕೊಂಡಷ್ಟು ಬರುವುದಿಲ್ಲ. ಸಾಮಾನ್ಯವಾಗಿ ಕಾಣುವ ತೊಂದರೆಗಳು ಎರಡು. ಒಂದು, ತಂತಿಯ ತುದಿಯ ಪುಟ್ಟ ಕುಣಿಕೆ ಬಾಗಿಲಿನ ಪಿನ್ನಿನಿಂದ ಜಾರಿರುವುದು. ಅದನ್ನು ಹಿಡಿದಿಡುವ ತೆಳುವಾದ ಕ್ಲಿಪ್ ತುಕ್ಕು ಹಿಡಿದು ಉದುರಿರುತ್ತದೆ. ಇನ್ನೊಂದು, ಕವಚವನ್ನು ಬಿಗಿಯುವ ಕ್ಲಾಂಪ್ ಸಡಿಲವಾಗಿರುವುದು. ಆಗ ಲಿವರ್ ಸರಿಸಿದರೆ ಒಳತಂತಿಯ ಜೊತೆ ಕವಚವೂ ಸರಿಯುತ್ತದೆ, ಬಾಗಿಲು ಕದಲುವುದಿಲ್ಲ. ಒಬ್ಬರು ಲಿವರ್ ಸರಿಸುತ್ತಿರುವಾಗ ಇನ್ನೊಬ್ಬರು ಟಾರ್ಚ್ ಹಿಡಿದು ಕೆಳಗಿನಿಂದ ನೋಡಿದರೆ ಸಾಕು, ಕವಚ ಹಾವಿನಂತೆ ಹೊರಳುವುದು ಕಣ್ಣಿಗೇ ಕಾಣುತ್ತದೆ. ಎರಡಕ್ಕೂ ಹೊಸ ಕ್ಲಿಪ್, ಒಂದು ಸ್ಕ್ರೂ ಸಾಕು.

ಸಿ-10ನಲ್ಲಿ ಈ ಜಾಗಕ್ಕೆ ಕೈ ತಲುಪಿಸಲು ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕಿಲ್ಲ. ಹೀಟರ್ ಪೆಟ್ಟಿಗೆ ಬಲಗಡೆ, ಪಕ್ಕದಲ್ಲಿ ಕೂರುವವರ ಕಾಲಿನ ಮೇಲ್ಭಾಗದಲ್ಲಿದೆ. ಗ್ಲೋವ್ ಬಾಕ್ಸ್‌ನ ಒಳಪೆಟ್ಟಿಗೆ ರಟ್ಟಿನದು, ಕೆಲವು ಸ್ಕ್ರೂ ತೆಗೆದರೆ ಹೊರಗೆ ಬರುತ್ತದೆ. ಆ ಕಿಂಡಿಯಿಂದ ಒಳಗೆ ಕೈ ಹಾಕಿದರೆ ತಂತಿಯ ತುದಿಗಳನ್ನು ತಡವಿ ನೋಡಬಹುದು. ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಕಳಚಬೇಕು. ಡ್ಯಾಶ್‌ಬೋರ್ಡ್ ಹಿಂದೆ ಹಳೆಯ ವೈರುಗಳ ಹೊದಿಕೆ ಬಿರುಕು ಬಿಟ್ಟಿರುತ್ತದೆ, ಸ್ಕ್ರೂಡ್ರೈವರ್ ತಾಗಿ ಕಿಡಿ ಹಾರಿದರೆ ಹೀಟರ್ ರಿಪೇರಿ ಹೋಗಿ ವೈರಿಂಗ್ ರಿಪೇರಿ ಬರುತ್ತದೆ. ಪ್ರತಿಯೊಂದು ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳುವುದು ಇನ್ನೊಂದು ಒಳ್ಳೆಯ ಅಭ್ಯಾಸ.

ಬಿಗಿಯಾದ ತಂತಿಗೆ ಗ್ರೀಸ್ ಮೆತ್ತುವವರಿದ್ದಾರೆ. ಚಳಿಯಲ್ಲಿ ಗ್ರೀಸ್ ಗಟ್ಟಿಯಾಗಿ ತೊಂದರೆ ದುಪ್ಪಟ್ಟಾಗುತ್ತದೆ. ಕೇಬಲನ್ನು ಹೊರತೆಗೆದು ನೇತುಹಾಕಿ, ಮೇಲಿನ ತುದಿಯಿಂದ ತೆಳು ಎಣ್ಣೆ ಹನಿಹನಿಯಾಗಿ ಬಿಟ್ಟು ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಒಳತಂತಿಯನ್ನು ಹಿಂದೆ ಮುಂದೆ ಆಡಿಸಿದರೆ ಕಂದು ಬಣ್ಣದ ತುಕ್ಕು ನೀರಿನಂತೆ ಇಳಿಯುತ್ತದೆ. ಕೊನೆಗೆ ಒಣ ಗ್ರಾಫೈಟ್ ಅಥವಾ ಸಿಲಿಕಾನ್ ಸ್ಪ್ರೇ ಹಾಕಿದರೆ ಕೆಲಸ ಮುಗಿಯಿತು.

ಹೊಂದಾಣಿಕೆಯಲ್ಲಿ ಎಡವುವವರೇ ಹೆಚ್ಚು. ಲಿವರನ್ನು 'ತಂಪು' ಕೊನೆಗೆ ಸರಿಸಿ, ಬಾಗಿಲನ್ನು ಕೈಯಿಂದಲೇ 'ತಂಪು' ಕೊನೆಗೆ ಒತ್ತಿ ಹಿಡಿದು, ಆಗ ಕವಚದ ಕ್ಲಾಂಪ್ ಬಿಗಿಯಬೇಕು. ಆಮೇಲೆ ಲಿವರನ್ನು 'ಬಿಸಿ' ಕಡೆಗೆ ತಳ್ಳಿ ಕೈಬಿಟ್ಟರೆ ಅದು ಕೂದಲೆಳೆಯಷ್ಟು ಹಿಂದಕ್ಕೆ ಪುಟಿಯಬೇಕು. ಹಾಗೆ ಪುಟಿದರೆ ಬಾಗಿಲು ತನ್ನ ಚೌಕಟ್ಟಿಗೆ ಗಟ್ಟಿಯಾಗಿ ಕೂತಿದೆ ಎಂದರ್ಥ. ಲಿವರ್ ಸೀದಾ ಹೋಗಿ ಪಟ್ಟಿಯ ಅಂಚಿಗೆ ಬಡಿದು ನಿಂತರೆ ಬಾಗಿಲು ಇನ್ನೂ ಸ್ವಲ್ಪ ತೆರೆದಿದೆ, ಬಿಸಿಗಾಳಿಗೆ ತಣ್ಣನೆಯ ಗಾಳಿ ಬೆರೆಯುತ್ತಲೇ ಇರುತ್ತದೆ. 'ನನ್ನ ಟ್ರಕ್‌ನ ಹೀಟರ್ ಮೊದಲಿನಿಂದಲೂ ಹೀಗೇ, ಬೆಚ್ಚಗೆ ಬರುತ್ತದೆ, ಬಿಸಿ ಬರುವುದಿಲ್ಲ' ಎನ್ನುವವರಲ್ಲಿ ಅನೇಕರ ಸಮಸ್ಯೆ ಇಷ್ಟೇ.

ಫ್ಯಾನ್ ಜೋರಾಗಿ ಮಾತ್ರ ತಿರುಗಿದರೆ?

ಫ್ಯಾನ್ ವೇಗ ಬದಲಿಸಲು ಹಳೆಯ ಟ್ರಕ್‌ಗಳಲ್ಲಿ ಸರಳ ಉಪಾಯವಿದೆ. ಸ್ವಿಚ್ಚಿನಿಂದ ಮೋಟಾರಿಗೆ ಹೋಗುವ ದಾರಿಯಲ್ಲಿ ಸುರುಳಿ ತಂತಿಯ ರೆಸಿಸ್ಟರ್ ಇಟ್ಟಿರುತ್ತಾರೆ. ಕಡಿಮೆ ವೇಗಕ್ಕೆ ವಿದ್ಯುತ್ ಸುರುಳಿಗಳ ಮೂಲಕ ಹೋಗುತ್ತದೆ, ಅತಿ ಹೆಚ್ಚಿನ ವೇಗಕ್ಕೆ ಸುರುಳಿಯನ್ನು ಬಿಟ್ಟು ನೇರವಾಗಿ ಹೋಗುತ್ತದೆ. ಹಾಗಾಗಿ ಫ್ಯಾನ್ ಜೋರಾಗಿ ಮಾತ್ರ ತಿರುಗಿ, ಉಳಿದ ವೇಗಗಳಲ್ಲಿ ಸತ್ತಂತಿದ್ದರೆ ಕಣ್ಣುಮುಚ್ಚಿ ರೆಸಿಸ್ಟರ್ ಕಡೆ ಬೆರಳು ತೋರಿಸಬಹುದು. ಆ ಸುರುಳಿ ಸಹಜವಾಗಿಯೇ ಬಿಸಿಯಾಗುತ್ತದೆ. ಅದನ್ನು ತಂಪಾಗಿಡಲೆಂದೇ ಗಾಳಿ ಹರಿಯುವ ಪೆಟ್ಟಿಗೆಯ ಗೋಡೆಗೆ ಕೂರಿಸಿರುತ್ತಾರೆ. ಪೆಟ್ಟಿಗೆಯಲ್ಲಿ ಒಣ ಎಲೆ ತುಂಬಿ ಗಾಳಿ ನಿಂತರೆ ಸುರುಳಿ ಸುಡುತ್ತದೆ. ಹೊಸ ರೆಸಿಸ್ಟರ್ ಹಾಕಿ ಎಲೆ ತೆಗೆಯದಿದ್ದರೆ ಅದೂ ಸುಡುತ್ತದೆ.

ಯಾವ ವೇಗದಲ್ಲೂ ತಿರುಗದಿದ್ದರೆ ಫ್ಯೂಸ್, ಸ್ವಿಚ್, ಅರ್ಥ್, ಮೋಟಾರ್ ಎಂದು ಸಾಲಾಗಿ ನೋಡುತ್ತಾ ಹೋಗಬೇಕು. ಇಲ್ಲಿ ಹೊಸದಾಗಿ ಪೇಂಟ್ ಮಾಡಿಸಿದ ಟ್ರಕ್‌ಗಳಿಗೆ ಒಂದು ವಿಶೇಷ ಕಾಯಿಲೆ ಇದೆ. ಮೋಟಾರ್ ತನ್ನ ನೆಗೆಟಿವ್ ಸಂಪರ್ಕವನ್ನು ಟ್ರಕ್‌ನ ತಗಡಿನಿಂದ ಪಡೆಯುತ್ತದೆ. ಅಂದವಾಗಿ ಬಳಿದ ದಪ್ಪ ಬಣ್ಣ ಆ ಸಂಪರ್ಕವನ್ನು ಕಡಿದುಬಿಡುತ್ತದೆ. ಮೋಟಾರಿನ ಮೈಯಿಂದ ಬ್ಯಾಟರಿಯ ನೆಗೆಟಿವ್‌ಗೆ ಒಂದು ವೈರ್ ಹಿಡಿದಾಗ ಫ್ಯಾನ್ ತಿರುಗಿದರೆ ತಪ್ಪು ಬಣ್ಣದ್ದೇ. ಬೋಲ್ಟ್ ಕೂರುವ ಜಾಗದಲ್ಲಿ ಬೆಳ್ಳಿಯಂತೆ ಹೊಳೆಯುವಷ್ಟು ಉಜ್ಜಿದರೆ ಸಾಕು.

ಸ್ವಿಚ್ ಪದೇಪದೇ ಸುಡುತ್ತಿದ್ದರೆ ಸ್ವಿಚ್ಚನ್ನೇ ಬದಲಿಸುತ್ತಾ ಕೂರುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಮೋಟಾರಿನ ಬುಶ್ ಒಣಗಿ ಬಿಗಿಯಾದಾಗ ಅದು ಹೆಚ್ಚು ಕರೆಂಟ್ ಎಳೆಯುತ್ತದೆ, ಆ ಭಾರವನ್ನು ಹೊತ್ತು ಸುಡುವುದು ಸ್ವಿಚ್. ಫ್ಯಾನನ್ನು ಕೈಯಿಂದ ತಿರುಗಿಸಿದಾಗ ಸರಾಗವಾಗಿ ಸುತ್ತಬೇಕು, ಕಿರ್ರೆನ್ನಬಾರದು. ಇನ್ನು ಗಾಜಿನ ಫ್ಯೂಸ್ ಹಾರುತ್ತಿದೆಯೆಂದು ದೊಡ್ಡ ಫ್ಯೂಸ್ ಹಾಕುವವರು, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವವರು ತಮ್ಮ ಟ್ರಕ್ಕಿಗೆ ತಾವೇ ಬೆಂಕಿ ಹಚ್ಚಲು ಹೊರಟಂತೆ.

ಏರು ಹತ್ತುವಾಗ ಗಾಳಿ ದಿಕ್ಕು ಬದಲಿಸಿದರೆ

ಎಸಿ ಇರುವ ಹಾಗೂ 1970ರ ದಶಕದ ಎಷ್ಟೋ ಟ್ರಕ್‌ಗಳಲ್ಲಿ ಕೆಲವು ಬಾಗಿಲುಗಳನ್ನು ತಂತಿಯ ಬದಲು ಎಂಜಿನ್ ಹೀರುವ ನಿರ್ವಾತ ಆಡಿಸುತ್ತದೆ. ಅವುಗಳ ಲಕ್ಷಣವೇ ಬೇರೆ. ಏರು ಹತ್ತಲು ಆಕ್ಸಿಲರೇಟರ್ ಒತ್ತಿದ ಕೂಡಲೇ ಕಾಲಿಗೆ ಬರುತ್ತಿದ್ದ ಗಾಳಿ ಗಾಜಿನ ಕಡೆಗೆ ತಿರುಗುತ್ತದೆ, ಇಳಿಜಾರಿನಲ್ಲಿ ಮತ್ತೆ ಕಾಲಿಗೆ ಬರುತ್ತದೆ. ಎಂಜಿನ್‌ಗೆ ಭಾರ ಬಿದ್ದಾಗ ನಿರ್ವಾತ ಕುಸಿಯುವುದೇ ಇದಕ್ಕೆ ಕಾರಣ. ಒಡೆದ ಸಣ್ಣ ರಬ್ಬರ್ ಕೊಳವೆಯನ್ನೋ ಕೆಟ್ಟ ಚೆಕ್ ವಾಲ್ವನ್ನೋ ಹುಡುಕಬೇಕು. ಇದರಲ್ಲಿ ಒಂದು ಜಾಣತನವೂ ಅಡಗಿದೆ. ನಿರ್ವಾತ ಪೂರ್ತಿ ಹೋದರೆ ಗಾಳಿ ಗಾಜಿನ ಕಡೆಗೇ ಹೋಗುವಂತೆ ಅನೇಕ ಅಮೆರಿಕನ್ ವಾಹನಗಳನ್ನು ರೂಪಿಸಿದ್ದರು. ಕಾಲು ಮರಗಟ್ಟಿದರೂ ಸರಿ, ರಸ್ತೆ ಕಾಣಬೇಕು ಎಂಬ ಲೆಕ್ಕ.

ಪೆಟ್ಟಿಗೆ ತೆರೆಯಲೇಬೇಕಾದಾಗ

ತಂತಿ ಸರಿ, ಹೋಸ್ ಎರಡೂ ಬಿಸಿ, ಆದರೂ ಗಾಳಿ ಬಿಸಿಯಿಲ್ಲ ಎಂದಾದರೆ ಪೆಟ್ಟಿಗೆ ತೆರೆಯದೆ ಗತ್ಯಂತರವಿಲ್ಲ. ಗಾಳಿಕಿಂಡಿಯಿಂದ ಕಪ್ಪು ಪುಡಿ ಹಾರಿ ಬಟ್ಟೆಗೆ ಅಂಟುತ್ತಿದ್ದರೆ ಒಳಗೇನಾಗಿದೆ ಎಂದು ಮೊದಲೇ ಊಹಿಸಬಹುದು. ಬಾಗಿಲಿನ ಅಂಚಿಗೆ ಅಂಟಿಸಿದ್ದ ಫೋಮ್ ಪುಡಿಯಾಗಿದೆ. ಅಂಚಿನ ಸಂದಿಯಿಂದ ತಣ್ಣನೆಯ ಗಾಳಿ ನುಸುಳುತ್ತಲೇ ಇರುತ್ತದೆ. ಹಳೆಯದನ್ನು ಪೂರ್ತಿ ಕೆರೆದು ತೆಗೆದು, ನೀರು ಹೀರದ ಬಗೆಯ ಹೊಸ ಫೋಮ್ ಪಟ್ಟಿ ಅಂಟಿಸಬೇಕು. ತೀರಾ ದಪ್ಪದ್ದು ಹಾಕಿದರೆ ಬಾಗಿಲು ಕೂರದೆ ತಂತಿ ಮತ್ತೆ ಬಾಗುತ್ತದೆ.

ಇಲಿಯ ಗೂಡು ಸಿಗುವುದು ಇಲ್ಲೇ. ಚಳಿಗಾಲವೆಲ್ಲ ಶೆಡ್ಡಿನಲ್ಲಿ ನಿಂತ ಟ್ರಕ್‌ನ ಹೀಟರ್ ಪೆಟ್ಟಿಗೆ ಇಲಿಗಳಿಗೆ ಹೇಳಿ ಮಾಡಿಸಿದ ಮನೆ. ಕಂಡ ಕೂಡಲೇ ಪೊರಕೆಯಿಂದ ಗುಡಿಸುವುದು, ಗಾಳಿ ಊದಿ ಹಾರಿಸುವುದು ಅಪಾಯ. ಅಮೆರಿಕದ ಕೆಲವು ಜಾತಿಯ ಇಲಿಗಳ ಮಲಮೂತ್ರದಿಂದ ಹಂಟಾವೈರಸ್ ಹರಡುತ್ತದೆ, ಅದರ ದೂಳು ಉಸಿರಿಗೆ ಸೇರಿದರೆ ಜೀವಕ್ಕೇ ಕುತ್ತು. ಕ್ರಿಮಿನಾಶಕ ದ್ರವದಿಂದ ಚೆನ್ನಾಗಿ ನೆನೆಸಿ, ಗ್ಲೌಸ್ ಹಾಕಿ, ಒದ್ದೆಯಾಗಿರುವಾಗಲೇ ಬಾಚಿ ತೆಗೆಯಬೇಕೆಂದು ಅಲ್ಲಿನ ಆರೋಗ್ಯ ಇಲಾಖೆಗಳು ಹೇಳುತ್ತವೆ.

ಕೋರ್ ಸೋರುತ್ತಿದ್ದರೆ ಮೂಗಿಗೇ ಗೊತ್ತಾಗುತ್ತದೆ. ಕ್ಯಾಬಿನ್‌ನಲ್ಲಿ ಸಿಹಿಯಾದ ವಾಸನೆ, ಗಾಜಿನ ಮೇಲೆ ಎಷ್ಟು ಒರೆಸಿದರೂ ಹೋಗದ ಜಿಡ್ಡಿನ ಪೊರೆ, ಕಾಲಡಿಯ ಮ್ಯಾಟ್ ಒದ್ದೆ. ಕೋರ್ ತೆಗೆಯುವಾಗ ಹೋಸನ್ನು ತಿರುಚಿ ಎಳೆಯಬಾರದು. ಹಳೆಯ ಕೋರ್ ತಾಮ್ರ-ಹಿತ್ತಾಳೆಯದು, ಅದರ ತೆಳು ಕೊಳವೆ ಬೆಸುಗೆಯ ಬಳಿ ಕಿತ್ತುಬರುತ್ತದೆ. ಚಾಕುವಿನಿಂದ ಹೋಸನ್ನು ಉದ್ದಕ್ಕೆ ಸೀಳಿ ಬಿಡಿಸಬೇಕು. ಹೊಸ ಹೋಸ್‌ನ ಬೆಲೆ ಹೊಸ ಕೋರ್‌ನ ಮುಂದೆ ಏನೇನೂ ಅಲ್ಲ. ಕೋರ್ ಸೋರದೆ ಬರೀ ಕಟ್ಟಿಕೊಂಡಿದ್ದರೆ ನೀರು ಹರಿಯುವ ದಿಕ್ಕಿಗೆ ವಿರುದ್ಧವಾಗಿ, ಕಡಿಮೆ ಒತ್ತಡದಲ್ಲಿ ತೋಟದ ಪೈಪಿನಿಂದ ನೀರು ಬಿಟ್ಟು ತೊಳೆಯಬಹುದು. ಹೊರಬಂದ ಕೂಲಂಟನ್ನು ಪಾತ್ರೆಯಲ್ಲಿ ಹಿಡಿದಿಡಬೇಕು. ಅದರ ಎಥಿಲೀನ್ ಗ್ಲೈಕಾಲ್ ಸಿಹಿ ರುಚಿಯ ವಿಷ, ನಾಯಿಗಳು ನೆಕ್ಕಿ ಸಾಯುತ್ತವೆ.

ಪೆಟ್ಟಿಗೆಯನ್ನು ವಾಪಸ್ ಕೂರಿಸುವಾಗ ಎಂಜಿನ್ ಕಡೆಯ ತಗಡು ಗೋಡೆಯ ಪ್ರತಿಯೊಂದು ತೂತಿಗೂ ರಬ್ಬರ್ ಬಿರಡೆ, ಪೆಟ್ಟಿಗೆಯ ಸುತ್ತ ಹೊಸ ಸೀಲ್ ಬೇಕು. ಹಳೆಯ ಎಂಜಿನ್‌ನ ಸೈಲೆನ್ಸರ್ ಕೊಳವೆಗಳು ಅಲ್ಲಲ್ಲಿ ಸೋರುವುದು ಸಾಮಾನ್ಯ. ಆ ಹೊಗೆಯ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ಮುಚ್ಚಿ ಹೀಟರ್ ಹಾಕಿಕೊಂಡು ಕೂತವರಿಗೆ ಒಂದು ತೆರೆದ ತೂತು ಸಾಕು. ಗಾಳಿ ಬೆಚ್ಚಗೆ ಬರತೊಡಗಿದ ಸಂತೋಷದಲ್ಲಿ ಜನ ಹೆಚ್ಚಾಗಿ ಮರೆಯುವುದು ಈ ಬಿರಡೆಗಳನ್ನೇ.

ಹೊಸ ಕಿಟ್ ಬೇಕೇ?

ಹಳೆಯದನ್ನೆಲ್ಲ ಕಿತ್ತೆಸೆದು ಆಧುನಿಕ ಹೀಟರ್-ಎಸಿ ಕಿಟ್ ಕೂರಿಸಿಕೊಳ್ಳುವ ದಾರಿಯೂ ಇದೆ. ಅರಿಜೋನದ ಬಿಸಿಲಿನಲ್ಲಿ ಎಸಿ ಬೇಕೆನ್ನುವವರಿಗೆ ಅದು ಸರಿಯೇ. ಆದರೆ ಹೀಟರ್ ಲಿವರ್ ಬಿಗಿಯಾಯಿತು ಎಂಬ ಒಂದೇ ಕಾರಣಕ್ಕೆ ಆ ಖರ್ಚಿಗೆ ಇಳಿಯುವುದು ದಂಡ. ಕಿಟ್ ಕೂರಿಸಲು ತಗಡಿಗೆ ಹೊಸ ತೂತು ಕೊರೆದರೆ ಮೂಲ ರೂಪಕ್ಕೆ ಮರಳುವುದೂ ಕಷ್ಟ. 1967-72ರ ಷೆವರ್ಲೆ ಮಾಲೀಕರು ಈ ವಿಷಯದಲ್ಲಿ ಅದೃಷ್ಟವಂತರು, ತಂತಿ, ಸ್ವಿಚ್, ಲಿವರ್ ಪಟ್ಟಿ, ಕೋರ್ ಎಲ್ಲವೂ ಮರುತಯಾರಿಕೆಯಲ್ಲಿ ಹೊಸದಾಗಿ ಸಿಗುತ್ತವೆ. 1975ರ ನಂತರ ಪಿಕಪ್ ತಯಾರಿಕೆಯನ್ನೇ ಬಿಟ್ಟ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಅಥವಾ 1960ರ ದಶಕದಲ್ಲೇ ಮುಚ್ಚಿಹೋದ ಸ್ಟುಡಿಬೇಕರ್ ಟ್ರಕ್‌ಗಳ ಮಾಲೀಕರು ಗುಜರಿ ಅಂಗಡಿಗಳನ್ನು ಸುತ್ತಬೇಕಾಗುತ್ತದೆ. ಅಂಥವರು ಹಳೆಯ ಲಿವರ್ ಪಟ್ಟಿ ಮುರಿದರೂ ಎಸೆಯದೆ ಇಟ್ಟುಕೊಳ್ಳುವುದು ಜಾಣತನ. ಮುರಿದ ತುಂಡೇ ಮುಂದೆ ಅಳತೆಗೆ ಬೇಕಾಗುತ್ತದೆ.

ಹೊಸ ಕೇಬಲ್ ಹಾಕುವವರು ಹಳೆಯದರ ಪಕ್ಕ ಇಟ್ಟು ಉದ್ದ ಅಳೆಯಬೇಕು. ಉದ್ದ ಹೆಚ್ಚಾದರೆ ಹೆಚ್ಚುವರಿ ಭಾಗ ಸುತ್ತಿಕೊಂಡು ಬಿಗಿಯಾಗುತ್ತದೆ, ಕಡಿಮೆಯಾದರೆ ಮೊನಚಾದ ತಿರುವು ಬರುತ್ತದೆ. ವೈಪರ್‌ನ ಸರಳುಗಳಿಗೆ ತಾಗದಂತೆ, ಅಗಲವಾದ ತಿರುವಿನಲ್ಲಿ ಸಾಗಿಸಬೇಕು. ಎಲ್ಲ ಮುಗಿದ ಮೇಲೆ ಗ್ಲೋವ್ ಬಾಕ್ಸನ್ನು ತಕ್ಷಣ ಮುಚ್ಚದೆ, ಟ್ರಕ್ಕನ್ನು ಒಂದು ರಾತ್ರಿ ಹೊರಗೆ ಚಳಿಯಲ್ಲಿ ನಿಲ್ಲಿಸಿ ಬೆಳಿಗ್ಗೆ ಮತ್ತೆ ಲಿವರ್ ಆಡಿಸಿ ನೋಡುವುದು ಲೇಸು. ಗ್ಯಾರೇಜಿನ ಬೆಚ್ಚಗೆಯಲ್ಲಿ ಸರಾಗವಾಗಿದ್ದ ತಂತಿ ಮೈನಸ್ 15ರಲ್ಲಿ ಬಿಗಿದರೆ ಕ್ಲಾಂಪ್ ಸಡಿಲಿಸಿ ಇನ್ನೊಮ್ಮೆ ಹೊಂದಿಸಲು ಆ ಕಿಂಡಿಯೇ ಬೇಕು.